ಐದು ದಿನ ಹಾಯಿದೋಣಿ, ನಾಲ್ಕು ರಾತ್ರಿ ಟೆಂಟು: ಸ್ಕಾಟ್ಲೆಂಡ್ ಕಡಲಿಗೆ ಹೋಗಲಾ, ಬೇಡವಾ?

ಗ್ಲಾಸ್ಗೋ ಗೌಡ · ಮಾರ್ಚ್ 9

ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆ ಕಡೆಯವನು. ನಮ್ಮೂರಲ್ಲಿ ನೀರು ಅಂದರೆ ಬೋರ್‌ವೆಲ್. ಕಡಲು ಮೊದಲು ನೋಡಿದ್ದು ಹತ್ತನೇ ಕ್ಲಾಸಿನ ಟ್ರಿಪ್ಪಲ್ಲಿ, ಅದೂ ಬಸ್ಸಿನ ಕಿಟಕಿಯಿಂದ.

ಗ್ಲಾಸ್ಗೋಗೆ ಬಂದು ಆರು ವರ್ಷ ಆಯಿತು. ಹೋದ ಬೇಸಿಗೆಯಲ್ಲಿ ಆಫೀಸಿನ ಗೆಳೆಯನೊಬ್ಬ ಎಳೆದುಕೊಂಡು ಹೋಗಿ ಡಿಂಗಿ ಓಡಿಸುವುದನ್ನು ಕಲಿಸಿದ. ಗೊತ್ತಿಲ್ಲದವರಿಗೆ: ಡಿಂಗಿ ಅಂದರೆ ಮೇಲೆ ಮುಚ್ಚಿಗೆ ಇಲ್ಲದ ಸಣ್ಣ ಹಾಯಿದೋಣಿ. ಆರ್‌ವೈಎ ಅನ್ನುವ ಬ್ರಿಟನ್ನಿನ ಹಾಯಿದೋಣಿ ಸಂಸ್ಥೆಯ ಕೋರ್ಸಿನಲ್ಲಿ ಲೆವೆಲ್ 2 ಮುಗಿಸಿದ್ದೇನೆ. ಬೇಕಂತಲೇ ಎರಡು ಸಲ ದೋಣಿ ಮಗುಚಿಸಿ, ಮತ್ತೆ ಎತ್ತಿ ನಿಲ್ಲಿಸಿದ್ದೇನೆ. ಆದರೆ ಅದೆಲ್ಲ ಸಿಹಿನೀರಿನಲ್ಲಿ, ಪಕ್ಕದಲ್ಲೇ ಸೇಫ್ಟಿ ಬೋಟು ನಿಂತಿದ್ದಾಗ.

ಈಗ ಅದೇ ಗುಂಪಿನವರು ಜೂನ್‌ನಲ್ಲಿ ಐದು ದಿನ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಆರಿಸೇಗ್ ಊರಿನ ಹತ್ತಿರ ಹೋಗುತ್ತಿದ್ದಾರೆ. ಐದು ದೋಣಿ, ಹನ್ನೊಂದು ಜನ. ಹಗಲು ಹಾಯಿ, ರಾತ್ರಿ ಯಾವುದಾದರೂ ದಡದಲ್ಲಿ ಟೆಂಟು. ಹೋಟೆಲ್ ಇಲ್ಲ, ಅಂಗಡಿ ಇಲ್ಲ, ಕೆಲವು ಕಡೆ ರಸ್ತೆಯೂ ಇಲ್ಲ. ನನ್ನನ್ನು ಒಂದು ವೇಫೇರರ್ ದೋಣಿಯಲ್ಲಿ ಎರಡನೆಯವನಾಗಿ ಕೂರಿಸಿಕೊಳ್ಳುತ್ತಾರಂತೆ. ಆಸೆ ಬಹಳ ಇದೆ. ಹೆದರಿಕೆಯೂ ಅಷ್ಟೇ ಇದೆ. ಮನೆಯಲ್ಲಿ ಹೆಂಡತಿ ಒಂದೇ ಮಾತು ಹೇಳಿದಳು: "ಹೋಗೋದಾದ್ರೆ ಇನ್ಶೂರೆನ್ಸ್ ಫೈಲ್ ಎಲ್ಲಿದೆ ಅಂತ ಹೇಳಿ ಹೋಗಿ."

ಇಲ್ಲಿ ಯಾರಾದರೂ ಹೀಗೆ ಹೋಗಿದ್ದೀರಾ?

ಜಯನಗರ 4ನೇ ಬ್ಲಾಕ್ · ಮಾರ್ಚ್ 9

ಮ್ಯಾಪ್ ನೋಡಿದೆ ಗುರು. ಆ ಊರಿನ ಎದುರು ದ್ವೀಪಗಳ ಹೆಸರು ರಮ್, ಎಗ್, ಮಕ್. ಕಡಲಾ, ಬಾರ್ ಮೆನುವಾ?

ಹಾಯಿ ಅಕ್ಕ · ಮಾರ್ಚ್ 10

ಗೌಡ್ರೇ, ನಾನು ಎಡಿನ್‌ಬರಾದಲ್ಲಿದ್ದೇನೆ, ತವರು ತೀರ್ಥಹಳ್ಳಿ. ಒಂದು ಹಳೇ ವೇಫೇರರ್ ಇಟ್ಟುಕೊಂಡು ಒಂಬತ್ತು ವರ್ಷ ಆಯಿತು. ಹೋಗಿ ಅಂತಲೇ ಹೇಳುತ್ತೇನೆ. ಆದರೆ ಹೋಗುವ ಮೊದಲು ನಿಮ್ಮ ಲೀಡರ್ ಹತ್ತಿರ ಒಂದು ಮಾತು ಕೇಳಿ: "ಎಷ್ಟು ಗಾಳಿ ಇದ್ದರೆ ನೀವು ಹೊರಡಲ್ಲ?" ತಡವರಿಸದೆ ಒಂದು ನಂಬರ್ ಹೇಳಿದರೆ ಅವರ ಜೊತೆ ಧೈರ್ಯವಾಗಿ ಹೋಗಿ. "ನೋಡೋಣ, ನೋಡೋಣ" ಅಂದರೆ ಮನೆಯಲ್ಲೇ ಇರಿ. ಗಾಳಿಯ ಜೋರನ್ನು ಇಲ್ಲಿ ಫೋರ್ಸ್ ಲೆಕ್ಕದಲ್ಲಿ ಹೇಳುತ್ತಾರೆ. ನನ್ನ ಮಟ್ಟಿಗೆ ತುಂಬಿದ ದೋಣಿಗೆ ಫೋರ್ಸ್ 4 ಸಾಕು, ಅಂದರೆ 11ರಿಂದ 16 ನಾಟ್, ಗಂಟೆಗೆ 20ರಿಂದ 30 ಕಿಲೋಮೀಟರ್. ಫೋರ್ಸ್ 5 ಬರುತ್ತೆ ಅಂದರೆ ನಾನು ಟೆಂಟಿನಲ್ಲಿ ಕೂತು ಚಹಾ ಕುಡಿಯುವವಳು.

ಮೊದಲ ವರ್ಷ ನಾನು ಒಂದು ಗುಂಪಿನ ಜೊತೆ ದುಡ್ಡು ಕೊಟ್ಟು ಹೋಗಿದ್ದೆ. ಹೆಸರು ಬೇಡ. ಅವರಿಗೆ ಶುಕ್ರವಾರ ಇಂಥ ಜಾಗ ಮುಟ್ಟಲೇಬೇಕು ಅನ್ನೋ ಹಟ. ಎದುರುಗಾಳಿಯಲ್ಲಿ ಏಳು ಗಂಟೆ ನೀರು ಎತ್ತಿ ಹಾಕುತ್ತಾ ಕೂತಿದ್ದೆ. ಕೈಬೆರಳು ಕೊಕ್ಕೆ ಥರ ಮಡಚಿಕೊಂಡಿದ್ದವು. ಕೊನೆಗೂ ಆ ಜಾಗ ಮುಟ್ಟಲಿಲ್ಲ. ಪ್ಲಾನಿನಲ್ಲೇ ಇಲ್ಲದ ಒಂದು ಕೊಲ್ಲಿಗೆ ನುಗ್ಗಿ ರಾತ್ರಿ ಕಳೆದೆವು. ಅವತ್ತಿನಿಂದ ನಾನು ಇಂತಿಷ್ಟು ಮೈಲಿ ಹೋಗಬೇಕು ಅಂತ ಲೆಕ್ಕ ಹಾಕುವುದನ್ನೇ ಬಿಟ್ಟೆ.

ಗಾಳಿಗಿಂತ ಜಾಸ್ತಿ ಯೋಚನೆ ಮಾಡಬೇಕಾದದ್ದು ಇನ್ನೊಂದಿದೆ. ಅದು ಉಬ್ಬರ-ಇಳಿತ. ಅರಸೀಕೆರೆಯವರಿಗೆ ಅದೇ ಹೊಸದು.

ಮಲ್ಪೆ ಮಾರಾಯ · ಮಾರ್ಚ್ 10

ಅಕ್ಕ ಸರಿಯಾಗಿ ಹೇಳಿದ್ರು. ನಾನು ದೋಣಿಯವರ ಮನೆಯವನು, ಈಗ ದುಬೈಯಲ್ಲಿ ಎಸಿ ರೂಮಲ್ಲಿ ಕೂತಿದ್ದೇನೆ, ಅದು ಬೇರೆ ವಿಷಯ. ನಮ್ಮಲ್ಲಿ ಅಜ್ಜ ಯಾವ ಟೇಬಲ್ಲೂ ನೋಡ್ತಿರ್ಲಿಲ್ಲ ಮಾರಾಯ್ರೆ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಜಾಸ್ತಿ ಏರುತ್ತೆ, ಜಾಸ್ತಿ ಇಳಿಯುತ್ತೆ. ಅಷ್ಟಮಿ ಹೊತ್ತಿಗೆ ಕಡಿಮೆ. ಸ್ಕಾಟ್ಲೆಂಡಿನಲ್ಲೂ ಇರುವುದು ಅದೇ ಚಂದ್ರ ಅಲ್ವಾ?

ಹಾಯಿ ಅಕ್ಕ · ಮಾರ್ಚ್ 11

ಚಂದ್ರ ಅದೇ, ಏರುವ ನೀರಿನ ಅಳತೆ ಬೇರೆ. ಮಲ್ಪೆ, ಕಾರವಾರದಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ಇರುವ ಅಂತರ ಎರಡು ಮೀಟರ್ ಆಸುಪಾಸು. ಆರಿಸೇಗ್ ಕಡೆ ನಾಲ್ಕು ಮೀಟರ್ ದಾಟುತ್ತೆ. ಅಂದರೆ ಒಂದು ಮಹಡಿ ಮನೆಯಷ್ಟು ನೀರು ಆರು ಗಂಟೆಯಲ್ಲಿ ಬರುತ್ತೆ, ಇನ್ನಾರು ಗಂಟೆಯಲ್ಲಿ ಹೋಗುತ್ತೆ.

ಅದೂ ಒಂದೇ ಸಮ ಬರಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆ ಒಂದು ಪಾಲು. ಆಮೇಲೆ ಎರಡು, ಮೂರು, ಮೂರು, ಎರಡು, ಕೊನೇ ಗಂಟೆ ಮತ್ತೆ ಒಂದು. ನಡುವಿನ ಎರಡು ಗಂಟೆಯಲ್ಲಿ ಅರ್ಧ ನೀರು ಬಂದುಬಿಡುತ್ತೆ. ದಡ ಇಳಿಜಾರು ಕಡಿಮೆ ಇದ್ದರೆ ನೀರು ಏರಿದ ಹಾಗೆ ಕಾಣಲ್ಲ, ನಿಮ್ಮ ಕಡೆ ನಡೆದು ಬಂದ ಹಾಗೆ ಕಾಣುತ್ತೆ.

ದ್ವೀಪಗಳ ನಡುವಿನ ಕಿರಿದಾದ ದಾರಿಯಲ್ಲಿ ಇದೇ ನೀರು ಹೊಳೆಯಾಗುತ್ತೆ. ದಕ್ಷಿಣಕ್ಕೆ ಜೂರಾ ಮತ್ತು ಸ್ಕಾರ್ಬಾ ದ್ವೀಪಗಳ ನಡುವೆ ಕೋರಿವ್ರೆಕನ್ ಅಂತ ಒಂದು ಸುಳಿ ಇದೆ. ಅಲ್ಲಿ ನೀರು ಎಂಟು ನಾಟ್ ಮೀರಿ ಓಡುತ್ತೆ. ನಿಮ್ಮ ಡಿಂಗಿ ಒಳ್ಳೇ ಗಾಳಿಯಲ್ಲಿ ಓಡುವುದು ನಾಲ್ಕೋ ಐದೋ ನಾಟ್. ಹೆದರಬೇಡಿ, ನೀವು ಹೋಗುವ ಸೌಂಡ್ ಆಫ್ ಆರಿಸೇಗ್ ಅನ್ನುವ ಕೊಲ್ಲಿಯಲ್ಲಿ ಅಂಥದ್ದಿಲ್ಲ. ಅದಕ್ಕೇ ಹೊಸಬರ ಗುಂಪು ಅಲ್ಲಿಗೆ ಹೋಗುತ್ತೆ.

ಧಾರವಾಡ ಪೇಢೆ · ಮಾರ್ಚ್ 11

ಗೌಡ್ರ, ದೋಣಿ ಬಗ್ಗೆ ಚಿಂತಿ ಬ್ಯಾಡ್ರಿ. ವೇಫೇರರ್ ಅಂದರೆ ಗಟ್ಟಿ ಎತ್ತು. 1957ರಲ್ಲಿ ಇಯಾನ್ ಪ್ರಾಕ್ಟರ್ ವಿನ್ಯಾಸ ಮಾಡಿದ ದೋಣಿ. ಉದ್ದ 4.82 ಮೀಟರ್, ಬರೀ ಒಡಲೇ 169 ಕಿಲೋ. ಫ್ರ್ಯಾಂಕ್ ಡೈ ಅನ್ನುವ ಪುಣ್ಯಾತ್ಮ ಇಂಥದ್ದೇ ದೋಣಿಯಲ್ಲಿ 1963ರಲ್ಲಿ ಐಸ್‌ಲ್ಯಾಂಡಿಗೆ ಹೋಗಿದ್ದ, 1964ರಲ್ಲಿ ನಾರ್ವೆಗೆ. ನಾರ್ವೆ ದಾರಿಯಲ್ಲಿ ಬಿರುಗಾಳಿಗೆ ಸಿಕ್ಕು ದೋಣಿ ಮಗುಚಿತು, ಹಾಯಿಕಂಬ ಮುರಿಯಿತು, ಆದರೂ ದಡ ಸೇರಿದ. ಆ ದೋಣಿ ಈಗ ಫಾಲ್ಮತ್‌ನ ಮ್ಯೂಸಿಯಮ್ಮಿನಲ್ಲಿದೆ.

ಜಯನಗರ 4ನೇ ಬ್ಲಾಕ್ · ಮಾರ್ಚ್ 11

ಇದನ್ನು ಗೌಡ್ರ ಹೆಂಡತಿಗೆ ಮಾತ್ರ ತೋರಿಸಬೇಡಿ.

ಇನ್ವರ್ನೆಸ್ ಡಾಕ್ಟ್ರು · ಮಾರ್ಚ್ 12

ಫ್ರ್ಯಾಂಕ್ ಡೈ ಕಥೆ ಚೆನ್ನಾಗಿದೆ, ಆದರೆ ದಯವಿಟ್ಟು ಅದನ್ನು ಸೇಫ್ಟಿ ಸರ್ಟಿಫಿಕೇಟ್ ಅಂದುಕೊಳ್ಳಬೇಡಿ. ಜೂನ್‌ನಲ್ಲಿ ಅಲ್ಲಿನ ಕಡಲು 11-12 ಡಿಗ್ರಿ ಇರುತ್ತೆ. ನಮ್ಮ ಕರಾವಳಿಯ ಕಡಲು 28ರ ಮೇಲೆ. ಈಜು ಬರುತ್ತಾ ಅನ್ನುವುದು ಇಲ್ಲಿ ಎರಡನೇ ಪ್ರಶ್ನೆ.

ತಣ್ಣೀರಿಗೆ ಬಿದ್ದ ತಕ್ಷಣ ಬಾಯಿ ತಾನಾಗಿ ತೆರೆದು ಉಸಿರು ಎಳೆಯುತ್ತೆ. ಅದು ನಿಮ್ಮ ಕೈಲಿಲ್ಲ. ಆ ಹೊತ್ತಿಗೆ ಮುಖ ನೀರಿನೊಳಗಿದ್ದರೆ ಮುಗೀತು. ಮೊದಲ ಒಂದೆರಡು ನಿಮಿಷ ಏನೂ ಮಾಡಬೇಡಿ. ಬೆನ್ನ ಮೇಲೆ ತೇಲಿ, ಉಸಿರು ಹಿಡಿತಕ್ಕೆ ಬರಲಿ. ಆಮೇಲೆ ದೋಣಿ ಎತ್ತುವ ಕೆಲಸ. ತಡ ಮಾಡಿದರೆ ಕೈಗೆ ಹಗ್ಗ ಹಿಡಿಯುವ ಶಕ್ತಿ ಇರಲ್ಲ. ಡ್ರೈಸೂಟ್, ಅಂದರೆ ಒಳಗೆ ನೀರು ಬಿಡದ ಮೈಮುಚ್ಚುವ ಉಡುಪು, ಬಾಡಿಗೆಗೆ ಸಿಗುತ್ತೆ, ತಗೊಳ್ಳಿ. ಒಳಗೆ ಉಣ್ಣೆಬಟ್ಟೆ ಹಾಕಿ. ಜೀನ್ಸ್ ಪ್ಯಾಂಟ್ ಹಾಕಿಕೊಂಡು ಬಂದವರನ್ನೂ ನೋಡಿದ್ದೇನೆ.

ಇನ್ನೊಂದು: ಹುಲ್ಲಿನಲ್ಲಿ ಓಡಾಡಿದ ಮೇಲೆ ಮೈಮೇಲೆ ಉಣುಗು ಇದೆಯಾ ಅಂತ ನೋಡಿಕೊಳ್ಳಿ. ಮಂಗನ ಕಾಯಿಲೆಯಿಂದಾಗಿ ಮಲೆನಾಡಿನವರಿಗೆ ಉಣುಗಿನ ಭಯ ಗೊತ್ತು. ಇಲ್ಲಿ ಅದು ಲೈಮ್ ಕಾಯಿಲೆ ತರುತ್ತೆ.

ಗ್ಲಾಸ್ಗೋ ಗೌಡ · ಮಾರ್ಚ್ 14

ಎಲ್ಲರಿಗೂ ಥ್ಯಾಂಕ್ಸ್. ಲೀಡರ್ ಹತ್ತಿರ ಅಕ್ಕನ ಪ್ರಶ್ನೆ ಕೇಳಿದೆ. ಅವರು 68 ವರ್ಷದ ಅಜ್ಜ. ಒಂದು ಸೆಕೆಂಡೂ ಯೋಚಿಸದೆ "ಫೋರ್" ಅಂದರು. ಆಮೇಲೆ "ನೀನು ಕೇಳಿದ್ದು ಒಳ್ಳೇದಾಯಿತು, ಮೂರೂವರೆ ಅಂತ ಇಟ್ಟುಕೊಳ್ಳೋಣ" ಅಂದರು. ಬರುತ್ತೇನೆ ಅಂತ ಹೇಳಿಬಿಟ್ಟೆ.

ಈಗ ಕೇಳಲು ನಾಚಿಕೆ, ಆದರೂ ಕೇಳುತ್ತೇನೆ. ಊಟ? ಬೆಳಗಿನ ಕೆಲಸ? ಹನ್ನೊಂದು ಜನ ಯಾರದೋ ಜಾಗದಲ್ಲಿ ಟೆಂಟು ಹಾಕಿದರೆ ಯಾರೂ ಓಡಿಸಲ್ವಾ?

ಸುಮ್ನೆ ಓದುವವ · ಮಾರ್ಚ್ 14

ಕೊನೇ ಪ್ರಶ್ನೆಗೆ ಉತ್ತರ ನನ್ನದು. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆ ಇದೆ. ಭೂಸುಧಾರಣೆ ಅಂದ ತಕ್ಷಣ ನಮಗೆ ಗೇಣಿ, ಉಳುವವನೇ ಹೊಲದೊಡೆಯ ನೆನಪಾಗುತ್ತೆ. ಇವರದರಲ್ಲಿ ಇನ್ನೊಂದು ಹಕ್ಕು ಸೇರಿದೆ. ಯಾರದೇ ಭೂಮಿ ಆದರೂ, ನೀರಾದರೂ, ಜವಾಬ್ದಾರಿಯಿಂದ ಓಡಾಡಬಹುದು, ರಾತ್ರಿ ತಂಗಬಹುದು. ಮನೆಯಂಗಳ, ಬೆಳೆ ಇರುವ ಹೊಲ ಬಿಟ್ಟು. ಮೋಟಾರು ಗಾಡಿಗೆ ಈ ಹಕ್ಕಿಲ್ಲ. ಲಾಖ್ ಲೋಮಂಡ್ ಸರೋವರದ ಕಡೆ ಕೆಲವು ದಡಗಳಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪರ್ಮಿಟ್ ಬೇಕು. ಆರಿಸೇಗ್‌ಗೆ ಅದು ಅನ್ವಯಿಸಲ್ಲ.

ಆದರೆ ಒಂದು ತಕರಾರು. ಅವರ ನಿಯಮಾವಳಿ ಹೇಳುವುದು ಸಣ್ಣ ಗುಂಪು, ಒಂದು ಜಾಗದಲ್ಲಿ ಎರಡು ಮೂರು ರಾತ್ರಿ ಮಾತ್ರ ಅಂತ. ಹನ್ನೊಂದು ಜನ ಸಣ್ಣ ಗುಂಪಾ? ನಮ್ಮವರು ನಾಲ್ಕೇ ಜನ ಸೇರಿದರೂ ಬ್ಲೂಟೂತ್ ಸ್ಪೀಕರ್ ತರುತ್ತಾರೆ.

ಹಾಯಿ ಅಕ್ಕ · ಮಾರ್ಚ್ 15

ತಕರಾರು ಒಪ್ಪುತ್ತೇನೆ. ನಾವು ಆರು ಜನ ದಾಟಿದರೆ ಎರಡು ಕಡೆ ಟೆಂಟು ಹಾಕುತ್ತೇವೆ. ಬೆಂಕಿ ಹಾಕಲ್ಲ, ಸ್ಟವ್ ಮಾತ್ರ. ಅಲ್ಲಿನ ನೆಲ ಪೀಟ್, ಅಂದರೆ ಕೊಳೆತ ಪಾಚಿಯ ಮಣ್ಣು. ಒಳಗೊಳಗೇ ದಿನಗಟ್ಟಲೆ ಉರಿಯುತ್ತೆ.

ಬೆಳಗಿನ ಕೆಲಸಕ್ಕೆ ಸಣ್ಣ ಸಲಿಕೆ. ನೀರಿನಿಂದ ಮೂವತ್ತು ಮೀಟರ್ ಆಚೆ ಗುಂಡಿ ತೋಡಿ ಮುಚ್ಚಿ. ಪೇಪರ್ ಮಾತ್ರ ಚೀಲದಲ್ಲಿ ವಾಪಸ್ ತನ್ನಿ. ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನೇನು ಹೇಳಿಕೊಡುವುದು.

ಊಟಕ್ಕೆ ನಮ್ಮವರೇ ರಾಜರು. ಅವರೆಲ್ಲ ಪ್ಯಾಕೆಟ್ ಪಾಸ್ತಾ ಬಿಸಿ ಮಾಡುತ್ತಾ ಕೂತಿರುತ್ತಾರೆ. ನಾನು ಒಯ್ಯುವುದು ತೆಳು ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿಹಿಟ್ಟು, ಬೆಲ್ಲ. ಗೊಜ್ಜವಲಕ್ಕಿಗೆ ಒಲೆಯೇ ಬೇಡ. ತೆಂಗಿನಕಾಯಿ ಹಾಕಿದ ಪುಡಿ ಮಾತ್ರ ತರಬೇಡಿ, ತೇವಕ್ಕೆ ಮೂರನೇ ದಿನ ಕಮಟು ವಾಸನೆ ಬರುತ್ತೆ. ಎಲ್ಲವನ್ನೂ ರೋಲ್ ಮಾಡಿ ಮುಚ್ಚುವ ಡ್ರೈಬ್ಯಾಗಿನಲ್ಲಿ ಹಾಕಿ ದೋಣಿಗೆ ಕಟ್ಟಿ. ಕಟ್ಟದೇ ಇದ್ದದ್ದು ದೋಣಿ ಮಗುಚಿದರೆ ನಿಮ್ಮದಲ್ಲ.

ಕೊನೆಯದಾಗಿ ನುಸಿ. ಇಲ್ಲಿ ಮಿಡ್ಜ್ ಅಂತಾರೆ. ಗಾಳಿ ಇದ್ದಾಗ ಬರಲ್ಲ. ಗಾಳಿ ಬಿದ್ದು, ಸ್ವಲ್ಪ ತೇವ ಇದ್ದು, ಸಂಜೆಯೋ ನಸುಕೋ ಆದರೆ ಮೋಡದ ಹಾಗೆ ಬರುತ್ತೆ. ಮಲೆನಾಡಿನವಳು ಹೇಳ್ತಿದ್ದೇನೆ, ಉಂಬಳ ವಾಸಿ. ತಲೆಗೆ ಹಾಕುವ ಬಲೆ ಎರಡು ತಗೊಳ್ಳಿ. ಒಂದನ್ನು ಯಾರಾದರೂ ಕೇಳೇ ಕೇಳುತ್ತಾರೆ.

ಮಲ್ಪೆ ಮಾರಾಯ · ಮಾರ್ಚ್ 15

ನಮ್ಮಲ್ಲಿ ಇದನ್ನು ಯಾಕೆ ಯಾರೂ ಮಾಡಲ್ಲ? ಹೊನ್ನಾವರದಿಂದ ಗೋಕರ್ಣದವರೆಗೆ ಏನು ಚಂದ ದಡ ಇದೆ. ಬಸವರಾಜ ದುರ್ಗ, ಅಘನಾಶಿನಿ ಅಳಿವೆ.

ಧಾರವಾಡ ಪೇಢೆ · ಮಾರ್ಚ್ 15

ನವೆಂಬರಿನಿಂದ ಫೆಬ್ರುವರಿವರೆಗೆ ಗಾಳಿಯೇನೋ ಬಂಗಾರದಂಥದ್ದು. ಬೆಳಿಗ್ಗೆ ನೆಲದ ಗಾಳಿ, ಮಧ್ಯಾಹ್ನದ ಮೇಲೆ ಕಡಲ ಗಾಳಿ, ಗಡಿಯಾರದ ಹಾಗೆ. ಆದರೆ ಅಲ್ಲಿ ದಡದಲ್ಲಿ ರಾತ್ರಿ ಕಳೆಯುವ ಮೊದಲು ಕರಾವಳಿ ಕಾವಲು ಪೊಲೀಸರನ್ನು ಕೇಳಿಕೊಳ್ಳುವುದು ಒಳ್ಳೇದು, ಕಾರವಾರದ ಹತ್ತಿರ ನೌಕಾನೆಲೆ ಇದೆ. ಹಾಯಿ ಕಲಿಯಬೇಕು ಅಂದರೂ ನಮ್ಮಲ್ಲಿ ಜಾಗ ಕಡಿಮೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ (ಎಂಇಜಿ) ಸೈನಿಕರು ಓಡಿಸುವುದನ್ನು ದಡದಲ್ಲಿ ನಿಂತು ನೋಡಿದ್ದೇ ಬಂತು. ಈ ವಿಷಯಕ್ಕೆ ಬೇರೆ ಥ್ರೆಡ್ ಬೇಕು, ಇಲ್ಲಿ ಗೌಡ್ರು ಹೋಗಿ ಬರಲಿ.

ಗ್ಲಾಸ್ಗೋ ಗೌಡ · ಜೂನ್ 24

ಹೋಗಿ ಬಂದೆ. ಬದುಕಿದ್ದೇನೆ. ಉದ್ದ ಆಗುತ್ತೆ, ಟೀ ತಗೊಂಡು ಕೂತುಕೊಳ್ಳಿ.

ಭಾನುವಾರ ಮಧ್ಯಾಹ್ನ ಆರಿಸೇಗ್‌ನಲ್ಲಿ ದೋಣಿ ನೀರಿಗೆ ಇಳಿಸಿದೆವು. ಮೂರು ವೇಫೇರರ್, ಎರಡು ಡ್ರಾಸ್ಕೂಂಬ್ ಲಗ್ಗರ್. ಲಗ್ಗರ್ ಅಂದರೆ ಕಾವಿ ಬಣ್ಣದ ಹಾಯಿ ಇರುವ, ಸ್ವಲ್ಪ ದೊಡ್ಡ, ಸಮಾಧಾನದ ದೋಣಿ. ದೂರದಿಂದ ನೋಡಿದರೆ ಮಠದ ಸ್ವಾಮಿಗಳು ಹೊರಟ ಹಾಗೆ ಇರುತ್ತೆ. ಊರಿನ ಎದುರಿನ ನೀರೆಲ್ಲ ಬಂಡೆ. ಕಂಬ ನೆಟ್ಟು ದಾರಿ ಗುರುತು ಮಾಡಿದ್ದಾರೆ. ಅದು ಬಿಟ್ಟು ಆಚೀಚೆ ಹೋದರೆ ಕೆಳಗಿನಿಂದ ಕಲ್ಲು ಮಾತಾಡಿಸುತ್ತೆ. ಅವತ್ತು ಹತ್ತಿರದಲ್ಲೇ ಟೆಂಟು ಹಾಕಿದೆವು. ರಾತ್ರಿ ಹನ್ನೊಂದಕ್ಕೂ ಪುಸ್ತಕ ಓದುವಷ್ಟು ಬೆಳಕು. ನಿದ್ದೆ ಬರಲಿಲ್ಲ.

ಸೋಮವಾರ. ಇದು ನನ್ನ ಮರ್ಯಾದೆ ಹೋದ ದಿನ.

ಸ್ಕೆರೀಸ್ ಅಂತ ಸಣ್ಣ ಸಣ್ಣ ಬಂಡೆದ್ವೀಪಗಳಿವೆ. ನಡುನಡುವೆ ಹಾಲಿನಂಥ ಬಿಳಿ ಮರಳು. ಬಂಡೆ ಮೇಲೆ ಸೀಲ್‌ಗಳು ಮದುವೆ ಊಟ ಮುಗಿಸಿದ ನೆಂಟರ ಹಾಗೆ ಬಿದ್ದಿದ್ದವು. ಮಧ್ಯಾಹ್ನ ಒಂದಕ್ಕೆ ಊಟಕ್ಕೆ ನಿಂತೆವು. ಇಳಿತ ಪೂರ್ತಿ ಆಗಿತ್ತು. ನಮ್ಮ ದೋಣಿಯನ್ನು ಮರಳಿನ ಮೇಲೆ ಸುಮಾರು ಹದಿನೈದು ಹೆಜ್ಜೆ ಎಳೆದೆವು. "ಲಂಗರು ಹೂತು ಬಾ" ಅಂತ ನನ್ನ ಜೊತೆಯವರು ಹೇಳಿ ಆಚೆ ಹೋದರು. ನಾನು ಲಂಗರನ್ನು ಮರಳಿನ ಮೇಲೆ ಇಟ್ಟೆ. ಹೂಳಲಿಲ್ಲ. ನನ್ನ ತಲೆಯಲ್ಲಿ ಇದ್ದ ಲೆಕ್ಕ ಹೀಗೆ: ಹುಣ್ಣಿಮೆ ಶನಿವಾರವೇ ಮುಗಿದಿದೆ, ಮಲ್ಪೆಯವರು ಹೇಳಿದ ದೊಡ್ಡ ನೀರು ಹೋಯಿತು, ಇನ್ನು ಕಡಿಮೆ ಆಗುತ್ತಾ ಬರುತ್ತೆ. ಅಲ್ಲದೆ ನೀರು ಅಷ್ಟು ದೂರ ಇದೆ.

ಗೊಜ್ಜವಲಕ್ಕಿ ತಿಂದೆವು. ಎಲ್ಲರೂ ಕೇಳಿ ಹಾಕಿಸಿಕೊಂಡರು. ಆ ಖುಷಿಯಲ್ಲಿ ಬಂಡೆ ಹತ್ತಿ ಆಚೆ ಬದಿಗೆ ಹೋಗಿ ಕೂತೆ. ಎದುರಿಗೆ ಎಗ್ ದ್ವೀಪದ ಗುಡ್ಡ ಹಡಗಿನ ಮೂತಿ ಥರ ನಿಂತಿತ್ತು. ಅದರ ಹಿಂದೆ ರಮ್. 1975ರಿಂದ ಆ ರಮ್ ದ್ವೀಪದಲ್ಲಿ ನಾರ್ವೆಯಿಂದ ತಂದ ಬಿಳಿಬಾಲದ ಕಡಲಹದ್ದಿನ ಮರಿಗಳನ್ನು ಬಿಟ್ಟರಂತೆ, ಈಗ ಕರಾವಳಿ ತುಂಬ ಹಾರುತ್ತವೆ. ಒಂದು ನಮ್ಮ ಮೇಲೆಯೇ ಹೋಯಿತು. ಬಾಗಿಲು ಕಿತ್ತು ಹಾರಿಸಿದ ಹಾಗೆ ಅಗಲ ರೆಕ್ಕೆ. ಅದನ್ನು ನೋಡುತ್ತಾ ಕೆಳಗೆ ನೋಡಿದರೆ, ಅಲ್ಲೊಂದು ವೇಫೇರರ್ ತಾನೇ ತಾನಾಗಿ ಹೋಗುತ್ತಿದೆ. ಒಳಗೆ ಯಾರೂ ಇಲ್ಲ. "ಅರೆ, ಅದು ಯಾರದು?" ಅಂತ ನಾನೇ ಕೇಳಿದೆ.

ಅದು ನಮ್ಮದು.

ಎರಡೇ ಗಂಟೆ ಆಗಿತ್ತು. ಅಕ್ಕನ ಹನ್ನೆರಡು ಪಾಲಿನಲ್ಲಿ ಮೂರು ಪಾಲು ಬಂದಿತ್ತು ಅಷ್ಟೇ. ಎತ್ತರದಲ್ಲಿ ಒಂದು ಮೀಟರ್. ಆದರೆ ಆ ಚಪ್ಪಟೆ ಮರಳಿನ ಮೇಲೆ ಆ ಒಂದು ಮೀಟರ್ ಮೂವತ್ತು ಹೆಜ್ಜೆ ಒಳಗೆ ನಡೆದು ಬಂದಿತ್ತು. ನನ್ನ ಟೆಂಟು, ನನ್ನ ಸ್ಲೀಪಿಂಗ್ ಬ್ಯಾಗು, ಜೊತೆಯವರ ಕಾರಿನ ಕೀ, ಎಲ್ಲವೂ ಎಗ್ ದ್ವೀಪದ ಕಡೆ ಹೊರಟಿದ್ದವು. ನಾನು ಸೊಂಟದವರೆಗೆ ನೀರಿಗೆ ಓಡಿದೆ. ಅಜ್ಜ ಹಿಂದಿನಿಂದ ಕೂಗಿದ್ದು ಇನ್ನೂ ಕಿವಿಯಲ್ಲಿದೆ. "ಈಜಬೇಡ! ನಿಲ್ಲು!" ಬಿಟ್ಟುಹೋದ ದೋಣಿ ಹಿಂದೆ ಈಜಿ ಸತ್ತವರೇ ಜಾಸ್ತಿ ಅಂತ ಆಮೇಲೆ ಹೇಳಿದರು. ಗಾಳಿ ಇದ್ದರೆ ಖಾಲಿ ದೋಣಿ ನಿಮಗಿಂತ ವೇಗ ಹೋಗುತ್ತೆ.

ಲಗ್ಗರ್‌ನವರು ಮೋಟಾರು ಹಾಕಿಕೊಂಡು ಹೋಗಿ ಹತ್ತು ನಿಮಿಷದಲ್ಲಿ ಎಳೆದು ತಂದರು. ಯಾರೂ ಬೈಯಲಿಲ್ಲ. ಅದೇ ಕಷ್ಟ ಆಯಿತು. ನಮ್ಮೂರಲ್ಲಾಗಿದ್ದರೆ ನಾಲ್ಕು ಮಾತು ಬೈದು ಮುಗಿಸುತ್ತಿದ್ದರು.

ಸಂಜೆ ಅಜ್ಜ ನನ್ನನ್ನು ಕರೆದು ದೋಣಿ ಕಟ್ಟುವುದನ್ನು ತೋರಿಸಿದರು. ಇದನ್ನು ಸರಿಯಾಗಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ಲಂಗರಿಗೆ ಒಂದು ಉಂಗುರ ಕಟ್ಟುತ್ತಾರೆ. ಉದ್ದ ಹಗ್ಗವನ್ನು ಅದರೊಳಗೆ ತೂರಿಸಿ, ಎರಡೂ ತುದಿ ದಡಕ್ಕೆ ತಂದು ಗಂಟು ಹಾಕುತ್ತಾರೆ. ಶಾಲೆಯಲ್ಲಿ ಬಾವುಟ ಏರಿಸುವ ಕಂಬವನ್ನು ನೀರಿನ ಮೇಲೆ ಮಲಗಿಸಿದ್ದೀರಿ ಅಂದುಕೊಳ್ಳಿ. ಲಂಗರು ಕಂಬದ ತುದಿ, ದೋಣಿ ಬಾವುಟ. ಒಂದು ಕಡೆ ಹಗ್ಗ ಎಳೆದರೆ ದೋಣಿ ಆಳದ ನೀರಿಗೆ ಹೋಗುತ್ತೆ, ಇನ್ನೊಂದು ಕಡೆ ಎಳೆದರೆ ವಾಪಸ್ ಬರುತ್ತೆ. ನೀವು ದಡದಲ್ಲೇ ಒಣಗಿಕೊಂಡು ನಿಂತಿರಬಹುದು. ಕತ್ತಲಲ್ಲಿ ಆ ಒದ್ದೆ ಹಗ್ಗ ಎಳೆದಾಗ ದೂರದಲ್ಲಿ ದೋಣಿ ಸದ್ದಿಲ್ಲದೆ ತಿರುಗುತ್ತೆ ನೋಡಿ, ಕೊಟ್ಟಿಗೆಯಲ್ಲಿ ಹಸು ಕತ್ತು ತಿರುಗಿಸಿದ ಹಾಗೆ.

ಮಂಗಳವಾರ ಗಾಳಿ ಚೆನ್ನಾಗಿತ್ತು. ಭೂಶಿರ ಸುತ್ತುವಾಗ ತೆರೆದ ಕಡಲಿನ ಉದ್ದ ಅಲೆ. ದೋಣಿ ಇಳಿದಾಗ ಪಕ್ಕದ ದೋಣಿಯ ಹಾಯಿ ಅರ್ಧ ಕಾಣಲ್ಲ. ಸ್ವಲ್ಪ ವಾಂತಿ ಆಯಿತು, ವಿವರ ಬೇಡ. ಆಮೇಲೆ ಲಾಖ್ ನಾನ್ ಊಅವ್ ಅನ್ನುವ, ನೆಲದೊಳಗೆ ಚಾಚಿದ ಕಡಲು. ಬ್ರಿಟನ್ನಿನ ಸಿಂಹಾಸನಕ್ಕಾಗಿ ಹೋರಾಡಿ ಸೋತ ರಾಜಕುಮಾರ ಚಾರ್ಲ್ಸ್ ಸ್ಟುವರ್ಟ್ 1746ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿಗೆ ಓಡಿಹೋದದ್ದು ಇಲ್ಲಿಂದಲೇ. ದಡದಲ್ಲಿ ಕಲ್ಲಿನ ಗುಪ್ಪೆ ಇದೆ. ಸಂಜೆ ಪೀನ್‌ಮೀನಾಖ್ ಅನ್ನುವ ಕಡೆ ಇಳಿದೆವು. ಜನ ಬಿಟ್ಟುಹೋದ ಹಳ್ಳಿ. ಸಾಲಾಗಿ ಕಲ್ಲುಗೋಡೆ, ಚಾವಣಿ ಇಲ್ಲ, ಒಳಗೆ ಹುಲ್ಲು. ರಸ್ತೆ ಇಲ್ಲ. ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಊರಿನವರಿಗೆ ಅಲ್ಲಿ ನಿಂತರೆ ಏನನ್ನಿಸುತ್ತೋ ಅಂತ ಯೋಚನೆ ಬಂತು.

ಬುಧವಾರದ ಹವಾಮಾನ ವರದಿ ಫೋರ್ಸ್ 6. ಅಜ್ಜ ರಾತ್ರಿಯೇ ಹೇಳಿದರು, "ನಾಳೆ ಇಲ್ಲೇ." ಎರಡೂ ಲಗ್ಗರ್‌ಗಳನ್ನು ಲಾಖ್ ಐಲರ್ಟ್ ಒಳಗೆ ಮರೆಗೆ ಒಯ್ದರು. ವೇಫೇರರ್‌ಗಳ ಕೆಳಗೆ ಗಾಳಿ ತುಂಬಿದ ರಬ್ಬರ್ ಉರುಳೆ ಇಟ್ಟು ಎಲ್ಲರೂ ಸೇರಿ ಹುಲ್ಲಿನವರೆಗೆ ತಳ್ಳಿದೆವು. ನಾನು ರಥ ಎಳೆಯುವಾಗ ಕೂಗುವ ಹಾಗೆ ಕೂಗಿದೆ. ಮೂರನೇ ದೋಣಿ ಹೊತ್ತಿಗೆ ಅವರೂ ಕೂಗುತ್ತಿದ್ದರು.

ಒಂದಿಡೀ ದಿನ ಏನೂ ಮಾಡಲಿಲ್ಲ. ಟೆಂಟಿನ ಬಟ್ಟೆ ಇಡೀ ದಿನ ಪಟಪಟ ಅನ್ನುತ್ತಿತ್ತು. ಪಾಚಿ ನಡುವೆ ಒಂದು ನೀರುನಾಯಿ ಏಡಿ ಹಿಡಿದು ತಿನ್ನುವುದನ್ನು ಮುಕ್ಕಾಲು ಗಂಟೆ ನೋಡಿದೆ. ಫೋನಿಗೆ ಸಿಗ್ನಲ್ ಇಲ್ಲ. ಕೈಯಲ್ಲಿ ದೋಣಿಯವರು ಬಳಸುವ ವಿಎಚ್‌ಎಫ್ ರೇಡಿಯೊ ಮಾತ್ರ, ಅದರಲ್ಲಿ ಮೂರು ಗಂಟೆಗೊಮ್ಮೆ ಕೋಸ್ಟ್‌ಗಾರ್ಡ್‌ನವರು ಹವಾಮಾನ ಓದುತ್ತಾರೆ. ಮಧ್ಯಾಹ್ನ ಮೂರಕ್ಕೆ ಕಡಲು ಬೆಳ್ಳಗೆ ನೊರೆ ಕಾರುತ್ತಿತ್ತು. ಅದರೊಳಗೆ ನಾನು ಇಲ್ಲ ಅನ್ನುವುದೇ ದೊಡ್ಡ ಸುಖ. ಇಡೀ ಟ್ರಿಪ್ಪಿನಲ್ಲಿ ನನಗೆ ಬಹಳ ಹಿಡಿಸಿದ ದಿನ ಇದು ಅಂದರೆ ನಗಬೇಡಿ.

ಗುರುವಾರ ನಸುಕಿಗೆ ಗಾಳಿ ಬಿತ್ತು. ನುಸಿ ಬಂತು. ಅಕ್ಕ ಹೇಳಿದ್ದು ಕಡಿಮೆ. ಟೂತ್‌ಪೇಸ್ಟಿನಲ್ಲಿ, ಚಹಾದಲ್ಲಿ, ಕಣ್ಣಿನ ರೆಪ್ಪೆಯಲ್ಲಿ. ಎರಡನೇ ತಲೆಬಲೆ ಯಾರು ಕೇಳಿದರು ಗೊತ್ತಾ? ಅಜ್ಜನೇ. ಹುಟ್ಟು ಹಾಕಿಕೊಂಡು ದಡದಿಂದ ಇನ್ನೂರು ಮೀಟರ್ ಓಡಿದೆವು, ಅಲ್ಲಿ ಉಸಿರಾಡಿದೆವು. ದಾರಿಯಲ್ಲಿ ಒಬ್ಬರು ದಾರದ ಗಾಳ ಬಿಟ್ಟು ಒಂಬತ್ತು ಬಂಗುಡೆ ಹಿಡಿದರು. ಗ್ಲೆನ್ಯೂಗ್‌ನಲ್ಲಿ ದಡ ಸೇರಿ, ಟ್ರೈಲರ್ ತರಲು ಕಾರಿನವರು ಹೋದರು. ಐದು ದಿನ ನಾವು ಬಂದ ದಾರಿಯನ್ನು ಅವರು ಕಾರಿನಲ್ಲಿ ಅರ್ಧ ಮುಕ್ಕಾಲು ಗಂಟೆಯಲ್ಲಿ ಹೋದರು.

ಮಲ್ಪೆ ಮಾರಾಯ · ಜೂನ್ 24

ಎಲ್ಲ ಸರಿ. ಬಂಗುಡೆ ಏನು ಮಾಡಿದ್ರಿ ಅಂತ ಬರೆಯಲೇ ಇಲ್ಲ.

ಗ್ಲಾಸ್ಗೋ ಗೌಡ · ಜೂನ್ 24

ಅವರು ಬೆಣ್ಣೆ, ನಿಂಬೆಹಣ್ಣು ಅಂದರು. ನಾನು ನನ್ನ ಪಾಲಿನದಕ್ಕೆ ಪುಳಿಯೋಗರೆ ಗೊಜ್ಜು ಸವರಿ ಕಾವಲಿ ಮೇಲೆ ಹಾಕಿದೆ.

ಮಲ್ಪೆ ಮಾರಾಯ · ಜೂನ್ 24

ದೇವರೇ. ಹುಳಿ, ಮೆಣಸು ಇದೆ ಅಂತ ಕ್ಷಮಿಸಿದ್ದೇನೆ.

ಇನ್ವರ್ನೆಸ್ ಡಾಕ್ಟ್ರು · ಜೂನ್ 25

ಆ ಅಜ್ಜನಿಗೆ ನನ್ನ ನಮಸ್ಕಾರ ತಿಳಿಸಿ. "ಈಜಬೇಡ, ನಿಲ್ಲು" ಅಂದದ್ದೇ ಸರಿಯಾದ ಚಿಕಿತ್ಸೆ. ಉಣುಗು ನೋಡಿಕೊಂಡಿರಾ?

ಗ್ಲಾಸ್ಗೋ ಗೌಡ · ಜೂನ್ 25

ಮೊಣಕಾಲ ಹಿಂದೆ ಒಂದು ಇತ್ತು. ಚಿಮಟದಲ್ಲಿ ತೆಗೆದರು. ಸುತ್ತ ಕೆಂಪು ಬಂದರೆ ಡಾಕ್ಟರ ಹತ್ತಿರ ಹೋಗುತ್ತೇನೆ.

ಒಂದು ಅನುಮಾನ ಉಳಿದಿದೆ. ಹುಣ್ಣಿಮೆ ಮುಗಿದು ಎರಡು ದಿನ ಆಗಿತ್ತಲ್ಲ? ನೀರು ಕಡಿಮೆ ಆಗಬೇಕಿತ್ತು ಅಲ್ವಾ? ಅಜ್ಜ ಏನೋ ಹೇಳಿದರು, ಆ ಸ್ಕಾಟಿಷ್ ಉಚ್ಚಾರಣೆಯಲ್ಲಿ ಅರ್ಧ ತಿಳಿಯಲಿಲ್ಲ.

ಹಾಯಿ ಅಕ್ಕ · ಜೂನ್ 25

ತಪ್ಪು ನನ್ನದೂ ಇದೆ, ಮಾರ್ಚ್‌ನಲ್ಲೇ ಹೇಳಬೇಕಿತ್ತು. ಚಂದ್ರ ಎಳೆದ ತಕ್ಷಣ ನೀರು ಕೇಳಲ್ಲ. ಇಷ್ಟು ದೊಡ್ಡ ಕಡಲು ಓಗೊಡಲು ಹೊತ್ತು ಹಿಡಿಯುತ್ತೆ. ಈ ಕರಾವಳಿಯಲ್ಲಿ ದೊಡ್ಡ ಉಬ್ಬರ ಬರುವುದು ಹುಣ್ಣಿಮೆ, ಅಮಾವಾಸ್ಯೆ ಕಳೆದು ಒಂದೂವರೆ ಎರಡು ದಿನಕ್ಕೆ. ನೀವು ಊಟಕ್ಕೆ ಕೂತ ಆ ಸೋಮವಾರವೇ ಆ ಹದಿನೈದು ದಿನದಲ್ಲಿ ದೊಡ್ಡ ನೀರಿನ ದಿನ.

ಜಯನಗರ 4ನೇ ಬ್ಲಾಕ್ · ಜೂನ್ 25

ಅಂದರೆ ಕಡಲೂ ನಮ್ಮ ಆಫೀಸಿನ ಥರ. ಮೇಲಿನಿಂದ ಆರ್ಡರ್ ಬಂದು ಎರಡು ದಿನ ಆದ ಮೇಲೆ ಕೆಲಸ.

ಗ್ಲಾಸ್ಗೋ ಗೌಡ · ಜೂನ್ 27

ಆಗಸ್ಟಿಗೆ ಮತ್ತೆ ಹೋಗುತ್ತಿದ್ದೇವೆ, ಈ ಸಲ ಮೂರು ದಿನ. ಹೆಂಡತಿಯೂ ಬರುತ್ತಾಳಂತೆ. ನುಸಿ ವಿಷಯ ಇನ್ನೂ ಹೇಳಿಲ್ಲ. ದಿನ ಗೊತ್ತು ಮಾಡುವ ಕೆಲಸ ಅಜ್ಜ ನನಗೇ ಕೊಟ್ಟಿದ್ದಾರೆ, ಬೇಕಂತಲೇ. ಅಡುಗೆಮನೆಯಲ್ಲಿ ಅಮ್ಮ ಕಳಿಸಿದ ಪಂಚಾಂಗದ ಕ್ಯಾಲೆಂಡರ್ ಇದೆ. ಸಣ್ಣ ನೀರು ಬೇಕು ಅಂತ ಅಷ್ಟಮಿಗೆ ಗುರುತು ಹಾಕಿದ್ದೇನೆ. ಸರಿ ತಾನೇ ಅಕ್ಕ?

ಹಾಯಿ ಅಕ್ಕ · ಜೂನ್ 27

ದಶಮಿ ನೋಡಿ ಗೌಡ್ರೇ. ಆಮೇಲೆ ಟೈಡ್ ಟೇಬಲ್ ತೆಗೆದು ತಾಳೆ ಹಾಕಿ. ಲಂಗರು ಮಾತ್ರ ಯಾವ ತಿಥಿಯಾದರೂ ಹೂಳಿ.